ಮತದ ಬೆಲೆ: ಗ್ರಾಮ ಪಂಚಾಯಿತಿಯನ್ನು ಕುರಿತು ಒಂದು ಪಾಠ



ಊರಿನ ಕುಡಿಯುವ ನೀರು, ಬೀದಿಯ ದೀಪ, ಚರಂಡಿ, ಸ್ಮಶಾನಕ್ಕೆ ಹೋಗುವ ದಾರಿ, ಮನೆಯಿಲ್ಲದವನಿಗೆ ದೊರೆಯತಕ್ಕ ಮನೆ, ಇವೆಲ್ಲವು ಯಾರ ಕೈಯಲ್ಲಿವೆ ಎಂದು ಕೇಳಿದರೆ ನಮ್ಮಲ್ಲಿ ಅನೇಕರು, "ಸರ್ಕಾರದವರ ಕೈಯಲ್ಲಿ" ಎಂದು ಉತ್ತರ ಕೊಡುವರು. ಸರ್ಕಾರದವರು ಯಾರೆಂದು ಮತ್ತೆ ಕೇಳಿದರೆ ಬೆಂಗಳೂರಿನ ಕಡೆಗೋ ದಿಲ್ಲಿಯ ಕಡೆಗೋ ಕೈ ತೋರಿಸುವರು. ಹಾಗಲ್ಲ. ಇವುಗಳಲ್ಲಿ ಬಹುಭಾಗವು ಕೂಗಿದರೆ ಕೇಳಿಸುವಷ್ಟು ದೂರದಲ್ಲಿರುವ ಗ್ರಾಮ ಪಂಚಾಯಿತಿಯ ಕೈಯಲ್ಲಿ ಇರುತ್ತದೆ. ಆ ಪಂಚಾಯಿತಿಗೆ ಜನರನ್ನು ಕಳುಹಿಸುವವರು ನಾವೇ. ಆದಕಾರಣ ಅಲ್ಲಿ ನಡೆಯುವ ಒಳ್ಳೆಯದರಲ್ಲಿಯೂ ಕೆಟ್ಟದರಲ್ಲಿಯೂ ನಮಗೆ ಪಾಲುಂಟು. ಈ ಪಾಠದಲ್ಲಿ ಮೂರು ಸಂಗತಿಗಳನ್ನು ವಿಚಾರಿಸೋಣ. ಚುನಾವಣೆಗೆ ಮುಂಚೆ ಹಣವು ಹೇಗೆ ಬರುತ್ತದೆ? ಚುನಾವಣೆಯಾದ ಮೇಲೆ ಅದು ಹೇಗೆ ಹಿಂದಕ್ಕೆ ಹೋಗುತ್ತದೆ? ಇವೆರಡರ ನಡುವೆ ಜನರು ಯಾಕೆ ಸುಮ್ಮನಿರುತ್ತಾರೆ?

೧. ಪಂಚಾಯಿತಿ ಎಂಬದು ಏನು?

೧೯೯೨ನೆಯ ಇಸವಿಯಲ್ಲಿ ಭಾರತ ಸಂವಿಧಾನಕ್ಕೆ ೭೩ನೆಯ ತಿದ್ದುಪಡಿಯು ಮಾಡಲ್ಪಟ್ಟು, ೧೯೯೩ನೆಯ ಏಪ್ರಿಲ್ ೨೪ರಿಂದ ಜಾರಿಗೆ ಬಂದಿತು. ಅದೇ ವರುಷ ಕರ್ನಾಟಕದಲ್ಲಿ ಪಂಚಾಯಿತಿ ರಾಜ್ಯದ ಕಾನೂನು ಹುಟ್ಟಿತು. ಈ ಕಾನೂನಿನ ಪ್ರಕಾರ ಸಾಮಾನ್ಯವಾಗಿ ೪೦೦ ಜನರಿಗೆ ಒಬ್ಬನಂತೆ ಸದಸ್ಯರು ಆರಿಸಲ್ಪಡುವರು. ಅವಧಿಯು ಐದು ವರುಷ. ಸ್ಥಾನಗಳಲ್ಲಿ ಅರ್ಧವು ಸ್ತ್ರೀಯರಿಗೆ ಮೀಸಲು. ಗ್ರಾಮ ಪಂಚಾಯಿತಿಯ ಚುನಾವಣೆಯಲ್ಲಿ ರಾಜಕೀಯ ಪಕ್ಷಗಳ ಗುರುತಿಗೆ ಎಡೆಯಿಲ್ಲ. ನಿಲ್ಲುವವನು ತನ್ನ ಹೆಸರಿನಿಂದಲೇ ನಿಲ್ಲಬೇಕು.

ಇದರ ಅರ್ಥವನ್ನು ಚೆನ್ನಾಗಿ ನೋಡಿರಿ. ಶಾಸನಸಭೆಯ ಚುನಾವಣೆಯಲ್ಲಿ ಒಂದು ಮತವು ಲಕ್ಷದಲ್ಲಿ ಒಂದು. ಪಂಚಾಯಿತಿಯಲ್ಲಿಯಾದರೋ ನೂರರಲ್ಲಿ ಒಂದು. ನಾಲ್ಕಾರು ಮತಗಳಿಂದ ಗೆದ್ದವರೂ ಸೋತವರೂ ಪ್ರತಿ ಹೋಬಳಿಯಲ್ಲಿ ಸಿಕ್ಕುವರು. ಒಂದು ಕುಟುಂಬದ ಮತಗಳೇ ಫಲವನ್ನು ತಿರುಗಿಸಬಲ್ಲವು. ಬಡವನ ಮಾತಿಗೆ ಇಷ್ಟು ತೂಕವಿರುವ ಬೇರೆ ಸ್ಥಳವು ಈ ರಾಜ್ಯದಲ್ಲಿ ಇಲ್ಲ. ಬೆಲೆಯುಳ್ಳದ್ದನ್ನೇ ಜನರು ಕೊಳ್ಳಲು ಬರುತ್ತಾರೆ. ನಮ್ಮ ಮತವನ್ನು ಕೊಳ್ಳಲು ಬರುವವನಿಗೆ ಅದರ ಬೆಲೆಯು ಗೊತ್ತಿದೆ. ಮಾರುವವನಿಗೆ ಮಾತ್ರ ಗೊತ್ತಿಲ್ಲ.

೨. ಚುನಾವಣೆಗೆ ಮುಂಚೆ ಬರುವ ಹಣ

ಇದು ನಾನಾ ವೇಷಗಳಲ್ಲಿ ಬರುತ್ತದೆ. ರಾತ್ರಿಯಲ್ಲಿ ಬಾಗಿಲ ಸಂದಿಯಿಂದ ನೋಟು ಬರುವದು. ಹೆಂಗಸರಿಗೆ ಸೀರೆ, ಕುಕ್ಕರು. ಗಂಡಸರಿಗೆ ಸಾರಾಯಿ, ಬಾಡೂಟ. ಯೌವನಸ್ಥರಿಗೆ ಆಟದ ಸಾಮಾನು. ಯಾತ್ರೆಗೆ ಹೋಗುವವರಿಗೆ ಬಸ್ಸು. ಸಭೆಯವರಾದ ನಮ್ಮ ಬಳಿಗೆ ಅದು ಬೇರೊಂದು ವೇಷದಿಂದ ಬರುವದುಂಟು. "ನಿಮ್ಮ ಮಂದಿರದ ಹಂಚು ಒಡೆದಿದೆಯಲ್ಲಾ, ನಾನು ಹೊದಿಸಿಕೊಡುತ್ತೇನೆ, ನಿಮ್ಮವರ ಮತವೆಲ್ಲಾ ಒಟ್ಟಾಗಿ ನನಗೆ ಬೀಳಲಿ" ಎಂಬ ಮಾತು ಅದೇ ಜಾತಿಯದು. ಇದರ ವಿಷಯವನ್ನು ಮುಂದೆ ಹೇಳುವೆವು.

ಈ ಹಣವು ನಿಂತವನ ಸ್ವಂತ ಹಣವೋ? ಅನೇಕ ಸಾರಿ ಅಲ್ಲ. ಗುತ್ತಿಗೆದಾರನೊಬ್ಬನು ಕೊಟ್ಟಿರುವನು, ಮರಳು ಸಾಗಿಸುವವನು ಕೊಟ್ಟಿರುವನು, ಹೊಲವನ್ನು ನಿವೇಶನಗಳಾಗಿ ಒಡೆದು ಮಾರಬೇಕೆಂದಿರುವವನು ಕೊಟ್ಟಿರುವನು. ಇದಕ್ಕೆ ಅವರು "ಸಹಾಯ" ಎಂದು ಹೆಸರಿಡುತ್ತಾರೆ. ಆದರೆ ರೈತನು ಬೀಜವನ್ನು ಹೊಲದಲ್ಲಿ ಚೆಲ್ಲುವದು ಹೊಲಕ್ಕೆ ದಾನ ಮಾಡಬೇಕೆಂದಲ್ಲ, ಬೆಳೆ ಕೊಯ್ಯಬೇಕೆಂದು.

ದೇಶದ ದೊಡ್ಡ ಚುನಾವಣೆಗಳಲ್ಲಿಯೂ ಇದೇ ಪ್ರಶ್ನೆಯು ಎದ್ದಿತು. ಪಕ್ಷಗಳಿಗೆ ಹೆಸರು ತಿಳಿಸದೆ ಹಣ ಕೊಡುವದಕ್ಕೆ ೨೦೧೮ರಲ್ಲಿ ಚುನಾವಣಾ ಬಾಂಡು ಎಂಬ ಏರ್ಪಾಡು ಆರಂಭವಾಯಿತು. ೨೦೨೪ನೆಯ ಫೆಬ್ರವರಿ ೧೫ರಂದು ಸುಪ್ರೀಂ ಕೋರ್ಟು ಅದನ್ನು ಸಂವಿಧಾನಕ್ಕೆ ವಿರೋಧವಾದದ್ದೆಂದು ತಳ್ಳಿಹಾಕಿತು. ಹಣ ಕೊಟ್ಟವರು ಯಾರೆಂದು ತಿಳಿಯುವ ಹಕ್ಕು ಮತದಾರನಿಗುಂಟು, ಕೊಟ್ಟದ್ದಕ್ಕೆ ಪ್ರತಿಯಾಗಿ ಉಪಕಾರ ನಡೆಯಬಹುದಾದದರಿಂದ ಅದನ್ನು ಮರೆಮಾಡಬಾರದು ಎಂಬದೇ ಆ ತೀರ್ಪಿನ ಸಾರಾಂಶ. ದಿಲ್ಲಿಯಲ್ಲಿ ಯಾವದು ಸತ್ಯವೋ ನಮ್ಮ ಊರಿನ ಅರಳೀಕಟ್ಟೆಯಲ್ಲಿಯೂ ಅದೇ ಸತ್ಯ.

೩. ಕೊಟ್ಟ ಹಣವು ಹಿಂದಕ್ಕೆ ಹೋಗುವ ಬಗೆ

ಒಂದು ಲೆಕ್ಕವನ್ನು ಮಾಡೋಣ. ಒಂದು ವಾರ್ಡಿನಲ್ಲಿ ೩೦೦ ಮತದಾರರು ಇರುವರೆಂದೂ ನಿಂತವನು ಒಬ್ಬೊಬ್ಬರಿಗೆ ೫೦೦ ರೂಪಾಯಿಯಂತೆ ಹಂಚಿದನೆಂದೂ ಎಣಿಸಿರಿ. ಅದು ೧,೫೦,೦೦೦ ರೂಪಾಯಿ. ಊಟ, ಸಾರಾಯಿ, ವಾಹನಗಳಿಗೆ ಮತ್ತೊಂದು ೧,೫೦,೦೦೦. ಒಟ್ಟು ೩,೦೦,೦೦೦. ಸದಸ್ಯನಿಗೆ ಗೌರವಧನವು ತಿಂಗಳಿಗೆ ೨,೦೦೦ ಎಂದು ಹಿಡಿದರೆ ಅರುವತ್ತು ತಿಂಗಳಿಗೆ ೧,೨೦,೦೦೦ ಆಗುವದು. ಬಡ್ಡಿಯನ್ನು ಲೆಕ್ಕಕ್ಕೆ ಹಿಡಿಯದೆ ಇನ್ನೂ ೧,೮೦,೦೦೦ ರೂಪಾಯಿ ಕೊರತೆ ಉಳಿಯುತ್ತದೆ. ಇದು ಎಲ್ಲಿಂದ ತುಂಬತಕ್ಕದ್ದು? ಆಕಾಶದಿಂದ ಬೀಳುವದಿಲ್ಲ. ನಮ್ಮ ಬೀದಿಯಿಂದಲೂ ನಮ್ಮ ನೀರಿನಿಂದಲೂ ನಮ್ಮ ಮನೆಯಿಂದಲೂ ಬರಬೇಕು.

ಬರುವ ದಾರಿಗಳು ಮುಖ್ಯವಾಗಿ ಮೂರು.

ಮೊದಲನೆಯದು, ಕಾಮಗಾರಿ. ಸಿಮೆಂಟು ರಸ್ತೆಗೆ ಐದು ಲಕ್ಷ ರೂಪಾಯಿ ಮಂಜೂರಾಯಿತೆಂದು ಇಟ್ಟುಕೊಳ್ಳಿರಿ. ಅಂದಾಜು ಪಟ್ಟಿಯಲ್ಲಿ ಆರು ಅಂಗುಲ ದಪ್ಪವೆಂದು ಬರೆದಿರುವದು. ನೆಲದ ಮೇಲೆ ನಾಲ್ಕು ಅಂಗುಲ ಬೀಳುವದು. ಅಳತೆ ಪುಸ್ತಕದಲ್ಲಿ ಮತ್ತೆ ಆರು ಅಂಗುಲವೆಂದೇ ಏರುವದು. ಎರಡು ಅಂಗುಲದ ಹಣವು ಚುನಾವಣೆಯ ಸಾಲಕ್ಕೆ ಹೋಯಿತು. ಎರಡು ಮಳೆಗಾಲ ಕಳೆದ ಮೇಲೆ ರಸ್ತೆಯು ಒಡೆದಾಗ ನಾವು ಮಳೆಯನ್ನು ದೂರುತ್ತೇವೆ. ಕರ್ನಾಟಕದ ಗುತ್ತಿಗೆದಾರರ ಸಂಘದವರೇ ೨೦೨೧ರಲ್ಲಿ ಪ್ರಧಾನಮಂತ್ರಿಗಳಿಗೆ ಪತ್ರ ಬರೆದು, ಸರ್ಕಾರಿ ಕಾಮಗಾರಿಗಳ ಹಣದಲ್ಲಿ ಶೇಕಡಾ ೪೦ರ ವರೆಗೆ ಕಮಿಷನ್ ಕೊಡಬೇಕಾಗಿದೆ ಎಂದು ಆಪಾದಿಸಿದರು. ಅದು ಆಪಾದನೆಯೇ ಹೊರತು ನ್ಯಾಯಾಲಯದ ತೀರ್ಪಲ್ಲ. ಆದರೂ ಕೆಲಸವನ್ನು ಹಿಡಿಯುವವರ ಬಾಯಿಂದಲೇ ಈ ಮಾತು ಬಂತೆಂಬದನ್ನು ಮರೆಯಬಾರದು.

ಎರಡನೆಯದು, ಫಲಾನುಭವಿಗಳ ಪಟ್ಟಿ. ಮನೆ ಯಾರಿಗೆ, ಶೌಚಾಲಯ ಯಾರಿಗೆ ಎಂಬದು ಗ್ರಾಮಸಭೆಯಲ್ಲಿ ಎಲ್ಲರೆದುರಿಗೆ ತೀರ್ಮಾನವಾಗತಕ್ಕದ್ದು. ಜನರು ಅಲ್ಲಿಗೆ ಬಾರದಿದ್ದರೆ ಪಟ್ಟಿಯು ಯಾವನೋ ಒಬ್ಬನ ಜಗಲಿಯ ಮೇಲೆ ತಯಾರಾಗುವದು. ಗುಡಿಸಲಲ್ಲಿರುವವಳ ಹೆಸರು ಬಿಟ್ಟುಹೋಗಿ ತಾರಸಿ ಮನೆಯವನ ಹೆಸರು ಸೇರುವದು.

ಮೂರನೆಯದು, ಅಪ್ಪಣೆಗಳು. ಖಾತೆ ಮಾಡಿಸುವದು, ಅಂಗಡಿಗೆ ಪರವಾನಗಿ, ನಿವೇಶನದ ಕಾಗದ. ನಿಯಮದಂತೆ ದೊರೆಯಬೇಕಾದದ್ದು ಉಪಕಾರವೆಂಬಂತೆ ದೊರೆಯಲಾರಂಭಿಸುವದು. ಹಕ್ಕು ಯಾವಾಗ ಉಪಕಾರವಾಗುವದೋ ಆಗ ಒಕ್ಕಲು ಆಳಾಗುವನು.

ಈಗ ೫೦೦ ರೂಪಾಯಿಯನ್ನು ತೆಗೆದುಕೊಂಡವನ ಲೆಕ್ಕವನ್ನೂ ನೋಡೋಣ. ಐದು ವರುಷಕ್ಕೆ ೧,೮೨೫ ದಿವಸ. ದಿನಕ್ಕೆ ಸುಮಾರು ೨೭ ಪೈಸೆ. ಭಿಕ್ಷೆಗೆ ಬಂದವನಿಗೂ ನಾವು ಈಗ ೨೭ ಪೈಸೆ ಹಾಕುವದಿಲ್ಲ. ಆ ಬೆಲೆಗೆ ಊರಿನ ಆಳಿಕೆಯನ್ನು ಮಾರಿದ್ದೇವೆ.

೪. ಹರಾಜಾಗುವ ಸ್ಥಾನಗಳು

ಮತವನ್ನು ಒಂದೊಂದಾಗಿ ಕೊಳ್ಳುವದಕ್ಕಿಂತ ಸ್ಥಾನವನ್ನೇ ಒಟ್ಟಿಗೆ ಕೊಳ್ಳುವದು ಸುಲಭವೆಂದು ಕೆಲವರು ಕಂಡುಕೊಂಡಿದ್ದಾರೆ. ೨೦೨೦ನೆಯ ದಶಂಬರದಲ್ಲಿ ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಿಗೆ ಚುನಾವಣೆ ನಡೆಯುವಾಗ, ಬಳ್ಳಾರಿ, ಕಲಬುರಗಿ ಮೊದಲಾದ ಜಿಲ್ಲೆಗಳ ಕೆಲವು ಹಳ್ಳಿಗಳಲ್ಲಿ ಸದಸ್ಯ ಸ್ಥಾನಗಳನ್ನು ಹರಾಜು ಹಾಕಿದರೆಂದು ವೃತ್ತಪತ್ರಗಳಲ್ಲಿ ವರ್ತಮಾನ ಬಂತು. ಹೆಚ್ಚು ಕೂಗಿದವನು ನಿಲ್ಲುವನು. ಉಳಿದವರು ಹಿಂದೆ ಸರಿಯುವರು. "ಅವಿರೋಧ ಆಯ್ಕೆ" ಎಂದು ಹಾರ ಹಾಕುವರು. ರಾಜ್ಯ ಚುನಾವಣಾ ಆಯೋಗದವರು ಇಂಥವರ ಮೇಲೆ ಕ್ರಮ ಜರುಗಿಸಬೇಕಾಗುವದೆಂದು ಎಚ್ಚರಿಸಿದರು.

ನೆರೆಯ ಮಹಾರಾಷ್ಟ್ರದಲ್ಲಿ ಮಾತು ಎಚ್ಚರಿಕೆಗೆ ನಿಲ್ಲಲಿಲ್ಲ. ನಾಶಿಕ ಜಿಲ್ಲೆಯ ಉಮ್ರಾಣೆ, ನಂದುರಬಾರ ಜಿಲ್ಲೆಯ ಖೋಂಡಾಮಳಿ ಎಂಬ ಎರಡು ಹಳ್ಳಿಗಳಲ್ಲಿ ಹರಾಜು ನಡೆದದ್ದು ಗೊತ್ತಾಗಿ, ೨೦೨೧ನೆಯ ಜನವರಿಯಲ್ಲಿ ಅಲ್ಲಿನ ಚುನಾವಣಾ ಆಯೋಗವು ಆ ಚುನಾವಣೆಗಳನ್ನೇ ರದ್ದು ಮಾಡಿತು. ಉಮ್ರಾಣೆಯಲ್ಲಿ ಕೂಗು ಎರಡು ಕೋಟಿ ರೂಪಾಯಿಗೆ ಮೇಲಕ್ಕೆ ಏರಿತ್ತು. ಹಣವು ದೇವಸ್ಥಾನದ ಕಟ್ಟಡಕ್ಕಾಗಿ ಎಂದು ಹೇಳಲ್ಪಟ್ಟಿತ್ತು.

ಹರಾಜಿನವರು ಹೇಳುವ ನ್ಯಾಯವೇನಂದರೆ: "ಹಣವು ಒಬ್ಬನ ಹೊಟ್ಟೆಗೆ ಹೋಗಲಿಲ್ಲ, ದೇವರ ಕಾರ್ಯಕ್ಕೆ ಹೋಯಿತು, ಊರಲ್ಲಿ ಜಗಳವೂ ತಪ್ಪಿತು." ಇದನ್ನು ಕೇಳಿ, ಅನ್ಯರ ಗುಡಿಯ ಮಾತೆಂದು ನಾವು ನಗಬಾರದು. ನಮ್ಮ ಮಂದಿರದ ಹಂಚಿನ ಮಾತು ಇದೇ ತಕ್ಕಡಿಯಲ್ಲಿ ತೂಗಲ್ಪಡಬೇಕು. ಮತಕ್ಕೆ ಬದಲಾಗಿ ಹಂಚನ್ನು ತೆಗೆದುಕೊಂಡ ಸಭೆಯಲ್ಲಿ ಒಬ್ಬ ವಿಧವೆಯು ಇರುವಳೆಂದು ಭಾವಿಸಿರಿ. ಮುಂದಿನ ವರುಷ ಮನೆಯ ಪಟ್ಟಿಯಿಂದ ಆಕೆಯ ಹೆಸರು ತಪ್ಪಿತು. ಆಕೆಯು ಸಭೆಯ ಹಿರಿಯರ ಬಳಿಗೆ ಬಂದು, "ಅಯ್ಯಾ, ನನ್ನ ಪರವಾಗಿ ಒಂದು ಮಾತು ಹೇಳಿರಿ" ಎಂದು ಬೇಡಿದಳು. ಹಿರಿಯರು ಯಾವ ಬಾಯಿಂದ ಹೇಳುವರು? ತಲೆಯ ಮೇಲಿರುವ ಹಂಚೇ ಅವರ ಬಾಯನ್ನು ಮುಚ್ಚುವದು. ಹಂಚಿನ ಕೆಳಗೆ ಎಲ್ಲರೂ ನೆನೆಯದೆ ಕೂತಿರುವರು. ಆಕೆಯೊಬ್ಬಳು ಮಾತ್ರ ತನ್ನ ಗುಡಿಸಲಲ್ಲಿ ನೆನೆಯುವಳು. ಆದಕಾರಣ ದಾನವು ಒಳ್ಳೆಯ ಕೆಲಸಕ್ಕೆ ಬಂತೆಂಬದರಿಂದ ಲಂಚವು ದಾನವಾಗಲಾರದು. ಯಾವದನ್ನು ಬಯಸಿ ಕೊಟ್ಟನೆಂಬದನ್ನು ನೋಡಬೇಕು.

೫. ಬೆಲ್ ಎಂಬ ಊರಿನ ವೃತ್ತಾಂತ

ಮತವನ್ನು ಮಾರದೆ ಇದ್ದರೆ ಸಾಕೋ? ಸಾಲದು. ಒಂದು ದೃಷ್ಟಾಂತವನ್ನು ಕೇಳಿರಿ.

ಅಮೇರಿಕಾ ದೇಶದ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ, ಲಾಸ್ ಏಂಜಲಿಸ್ ಎಂಬ ಮಹಾನಗರದ ಮಗ್ಗುಲಲ್ಲಿ, ಬೆಲ್ ಎಂಬ ಚಿಕ್ಕ ಊರುಂಟು. ಜನಸಂಖ್ಯೆ ಸುಮಾರು ೩೫,೦೦೦. ಬಹುತೇಕರು ಬೇರೆ ದೇಶದಿಂದ ಕೂಲಿಗೆ ಬಂದವರು, ಅವರ ಮಕ್ಕಳು. ಬಡವರು, ಹೊತ್ತುಮೂಡಿದಂದಿನಿಂದ ಮುಳುಗುವ ತನಕ ದುಡಿಯುವವರು. ಊರಿನ ಮುನಿಸಿಪಾಲಿಟಿಯಲ್ಲಿ ಏನು ನಡೆಯುತ್ತದೆಂದು ವಿಚಾರಿಸಲು ಅವರಿಗೆ ಪುರಸತ್ತು ಇರಲಿಲ್ಲ.

೨೦೦೫ರಲ್ಲಿ ಕ್ಯಾಲಿಫೋರ್ನಿಯಾದ ಸರ್ಕಾರವು ಊರಸಭೆಗಳ ಸದಸ್ಯರ ಸಂಬಳಕ್ಕೆ ಮಿತಿಯನ್ನು ಬಿಗಿಮಾಡಿತು. ಆದರೆ ತನ್ನದೇ ಆದ ಸನದನ್ನು ಮಾಡಿಕೊಂಡ ಊರಿಗೆ ಆ ಮಿತಿಯು ತಗಲುತ್ತಿರಲಿಲ್ಲ. ಬೆಲ್ ಊರಿನ ಮುಖ್ಯಸ್ಥರು ಇದನ್ನು ತಿಳಿದು ಅದೇ ವರುಷದ ನವೆಂಬರ್ ತಿಂಗಳಲ್ಲಿ, ಬೇರೆ ಯಾವ ಚುನಾವಣೆಯೂ ಜೊತೆಗಿಲ್ಲದಂತೆ, ಸನದಿನ ವಿಷಯವಾಗಿ ಜನರ ಮತವನ್ನು ಕೇಳಿದರು. ಮತ ಕೊಟ್ಟವರು ಎಷ್ಟು ಮಂದಿ? ನಾನೂರಕ್ಕಿಂತಲೂ ಕಡಿಮೆ! ಸನದು ಪಾಸಾಯಿತು. ಜನರು ಮನೆಯಲ್ಲಿ ಕೂತದ್ದೇ ಸಾಕಾಯಿತು.

ಮುಂದೆ ಏನಾಯಿತೆಂದರೆ, ವಾರದಲ್ಲಿ ಕೆಲವು ಗಂಟೆಗಳ ಕೆಲಸವಿದ್ದ ಸದಸ್ಯರು ವರುಷಕ್ಕೆ ಒಂದು ಲಕ್ಷ ಡಾಲರಿನ ಸಮೀಪಕ್ಕೆ ಸಂಬಳ ತೆಗೆದುಕೊಂಡರು. ಊರಿನ ಮುಖ್ಯ ಅಧಿಕಾರಿಯಾದ ರಾಬರ್ಟ್ ರಿಜ್ಜೋ ಎಂಬವನ ಸಂಬಳವು ೭,೮೭,೦೦೦ ಡಾಲರಿಗೆ ಮೇಲಾಯಿತು. ಆ ದೇಶದ ಅಧ್ಯಕ್ಷನ ಸಂಬಳವು ವರುಷಕ್ಕೆ ೪,೦೦,೦೦೦ ಡಾಲರು. ಇಡೀ ದೇಶವನ್ನು ಆಳುವವನಿಗಿಂತ ಒಂದು ಬಡ ಊರಿನ ಅಧಿಕಾರಿಗೆ ಹತ್ತಿರ ಹತ್ತಿರ ಎರಡರಷ್ಟು! ಈ ಹಣವೆಲ್ಲಾ ಕೂಲಿಯವರ ಮನೆತೆರಿಗೆಯಿಂದಲೂ ಇತರ ತೆರಿಗೆಗಳಿಂದಲೂ ಬಂತು.

೨೦೧೦ನೆಯ ಜುಲೈ ತಿಂಗಳಲ್ಲಿ ಲಾಸ್ ಏಂಜಲಿಸ್ ಟೈಮ್ಸ್ ಎಂಬ ವೃತ್ತಪತ್ರವು ಲೆಕ್ಕದ ಕಾಗದಗಳನ್ನು ಕೇಳಿ ಪಡೆದು ಇದನ್ನು ಬೈಲಿಗೆಳೆಯಿತು. ಆಗ ಜನರು ಎಚ್ಚತ್ತರು. ಖಾಲಿಯಾಗಿರುತ್ತಿದ್ದ ಸಭಾಮಂದಿರದಲ್ಲಿ ನಿಲ್ಲಲು ಸ್ಥಳವಿಲ್ಲದಂತಾಯಿತು. ೨೦೧೧ನೆಯ ಮಾರ್ಚಿಯಲ್ಲಿ ಅದೇ ಜನರು ಮತಪೆಟ್ಟಿಗೆಗೆ ಬಂದು, ಹಳೆಯ ಸದಸ್ಯರನ್ನು ಅತ್ಯಧಿಕ ಬಹುಮತದಿಂದ ಇಳಿಸಿದರು. ೨೦೧೪ರಲ್ಲಿ ರಿಜ್ಜೋ ಎಂಬವನಿಗೆ ಹನ್ನೆರಡು ವರುಷದ ಸೆರೆಯಾಯಿತು.

ಇದರಲ್ಲಿ ಎರಡು ಬುದ್ಧಿವಾದಗಳುಂಟು. ಬಾಗಿಲನ್ನು ತೆರೆದಿಟ್ಟು ಮಲಗುವವನ ಮನೆಗೆ ಬರುವ ಕಳ್ಳನು ಗೋಡೆಗೆ ಕನ್ನ ಹಾಕಬೇಕಾಗಿಲ್ಲ, ಇದು ಮೊದಲನೆಯದು. ಇಳಿಸಿದವರು ದೊಡ್ಡವರಲ್ಲ, ಅದೇ ಕೂಲಿಯವರು, ಇದು ಎರಡನೆಯದು. ಐದು ವರುಷ ನಿದ್ರಿಸಿದ ಕೈಗಳೇ ಎಚ್ಚತ್ತ ಮೇಲೆ ಒಂದು ವರುಷದೊಳಗೆ ಕೆಲಸ ಮುಗಿಸಿದವು.

೬. ನಮ್ಮ ಅಲಕ್ಷ್ಯವು ಎಲ್ಲಿದೆ?

"ನಾವು ಬೆಲ್ ಊರಿನವರಂತೆ ಮನೆಯಲ್ಲಿ ಕೂತಿರುವದಿಲ್ಲ, ತಪ್ಪದೆ ಮತ ಕೊಡುತ್ತೇವೆ" ಎಂದು ನೀವು ಹೇಳಬಹುದು. ಅದು ನಿಜ. ೨೦೧೫ರ ಬೆಂಗಳೂರು ಮಹಾನಗರ ಪಾಲಿಕೆಯ ಚುನಾವಣೆಯಲ್ಲಿ ಮತದಾರರೊಳಗೆ ಅರ್ಧ ಜನವೂ ಬರಲಿಲ್ಲ. ೨೦೨೦ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿಯಾದರೋ ಹಳ್ಳಿಗಳ ಜನರು ನೂರಕ್ಕೆ ಸುಮಾರು ೮೦ ಮಂದಿಯಂತೆ ಬಂದರು. ಓದಿದ ಪಟ್ಟಣದವರಿಗಿಂತ ಹಳ್ಳಿಯವರು ಈ ವಿಷಯದಲ್ಲಿ ಮೇಲು.

ಆದರೆ ನಮ್ಮ ಅಲಕ್ಷ್ಯವು ಮತದ ದಿನದಲ್ಲಿ ಇಲ್ಲ. ಅದರ ಮರುದಿನದಿಂದ ಆರಂಭವಾಗುತ್ತದೆ. ಕಾನೂನಿನ ಪ್ರಕಾರ ಆರು ತಿಂಗಳಿಗೆ ಒಂದು ಸಾರಿಯಾದರೂ ಗ್ರಾಮಸಭೆಯು ಕೂಡಬೇಕು. ಅದಕ್ಕೆ ಮುಂಚೆ ವಾರ್ಡುಸಭೆಯೂ ಕೂಡಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬನೂ ಪ್ರತಿಯೊಬ್ಬಳೂ ಅದರ ಸದಸ್ಯರು. ಅಲ್ಲಿ ಲೆಕ್ಕವನ್ನು ಕೇಳಬಹುದು, ಕೆಲಸಗಳನ್ನು ಸೂಚಿಸಬಹುದು, ಫಲಾನುಭವಿಗಳ ಹೆಸರನ್ನು ಆಕ್ಷೇಪಿಸಬಹುದು. ಹೀಗಿರಲಾಗಿ ಅಲ್ಲಿಗೆ ಬರುವವರು ಎಷ್ಟು ಮಂದಿ? ಸಹಿಯ ಪುಸ್ತಕವು ಮನೆಮನೆಗೆ ಬಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುವ ಊರುಗಳೂ ಇವೆ. ಐದು ವರುಷದಲ್ಲಿ ಒಂದು ದಿನ ದೊರೆಗಳಾಗಿದ್ದು, ಮಿಕ್ಕ ದಿನಗಳಲ್ಲಿ ಬೇಡುವವರಾಗಿರುವದು ನಮ್ಮ ಅಲಕ್ಷ್ಯದ ಫಲವೇ.

೭. ಕೆಲವು ಆಕ್ಷೇಪಣೆಗಳೂ ಉತ್ತರಗಳೂ

"ಹಣವನ್ನು ಎಲ್ಲರಿಂದಲೂ ತೆಗೆದುಕೊಂಡು, ಮತವನ್ನು ನಮಗೆ ಒಳ್ಳೆಯವನಾಗಿ ಕಂಡವನಿಗೆ ಕೊಟ್ಟರೆ ಏನು ತಪ್ಪು?" ಕೊಡುವವನೂ ತೆಗೆದುಕೊಳ್ಳುವವನೂ ಕಾನೂನಿನ ಮುಂದೆ ಸಮಾನ ಅಪರಾಧಿಗಳು. ೨೦೨೪ನೆಯ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ೧೭೦ನೆಯ ಕಲಮಿನಲ್ಲಿ ಇದು ಹೇಳಲ್ಪಟ್ಟಿದೆ. ಶಿಕ್ಷೆಯು ಒಂದು ವರುಷದ ವರೆಗಿನ ಸೆರೆ, ಇಲ್ಲವೆ ದಂಡ, ಇಲ್ಲವೆ ಎರಡೂ. ಅದಲ್ಲದೆ ನೀವು ತೆಗೆದುಕೊಂಡಿರೆಂಬದರಿಂದಲೇ ಮುಂದಿನ ಸಾರಿ ಹಣವಿಲ್ಲದ ಯೋಗ್ಯನು ನಿಲ್ಲಲು ಅಂಜುವನು. ಒಳ್ಳೆಯವನು ನಿಲ್ಲದಂತೆ ಮಾಡಿದ ಮೇಲೆ ಒಳ್ಳೆಯವನಿಗೆ ಮತ ಕೊಡುವದೆಂತು?

"ಬಡವನಿಗೆ ಐನೂರು ರೂಪಾಯಿ ದೊಡ್ಡದಲ್ಲವೋ?" ದೊಡ್ಡದೇ ಹೌದು. ಮನೆಯಲ್ಲಿ ಮಗುವಿಗೆ ಜ್ವರವಿರುವಾಗ ಬಾಗಿಲಿಗೆ ಬಂದ ನೋಟನ್ನು ಹಿಂದಕ್ಕೆ ಕೊಡುವದು ಸುಲಭವೆಂದು ಯಾರೂ ಹೇಳಬಾರದು. ಆದಕಾರಣ ಇದು ಒಬ್ಬೊಬ್ಬನಿಗೆ ಬಿಡತಕ್ಕ ಹೊರೆಯಲ್ಲ. ಸಭೆಯವರು, ನೆರೆಯವರು, ಸ್ತ್ರೀಯರ ಸಂಘದವರು ಕೂಡಿ, ಅಡಚಣೆಯಲ್ಲಿರುವವನಿಗೆ ಕೈಸಾಲವಾಗಿಯಾದರೂ ಆ ಐನೂರನ್ನು ಕೊಟ್ಟು, "ಬೇಡವೆನ್ನು" ಎಂದು ಅವನ ಬೆನ್ನಿಗೆ ನಿಲ್ಲಬೇಕು. ಕೈಹಿಡಿಯದೆ ಬರೀ ಉಪದೇಶ ಮಾಡುವದು ಹಸಿದವನಿಗೆ ಅಡಿಗೆಯ ಹೆಸರು ಹೇಳಿದಂತೆ.

"ನಾವು ಸ್ವಲ್ಪ ಜನ, ನಮ್ಮ ಮಾತು ಯಾರು ಕೇಳುವರು?" ಹತ್ತು ಮತದಿಂದ ಗೆಲ್ಲುವ ಸ್ಥಾನದಲ್ಲಿ ಹನ್ನೆರಡು ಮತವು ಸ್ವಲ್ಪವಲ್ಲ. ಗ್ರಾಮಸಭೆಯಲ್ಲಿಯಂತೂ ಎದ್ದು ನಿಂತು ಲೆಕ್ಕ ಕೇಳುವದಕ್ಕೆ ಒಬ್ಬನೇ ಸಾಕು. ಆದರೆ ಆ ಕೆಲಸವನ್ನು ನಮ್ಮವರಿಗಾಗಿ ಮಾತ್ರ ಮಾಡಬಾರದು. ಊರಿನ ಎಲ್ಲಾ ಕೇರಿಗಳ ನೀರಿಗಾಗಿ ಕೇಳಿರಿ. ಆಗ ಎಲ್ಲಾ ಕೇರಿಗಳವರು ನಿಮ್ಮ ಸಂಗಡ ನಿಲ್ಲುವರು.

"ಧಣಿಗೆ ಗೊತ್ತಾದರೆ ಕೆಲಸ ಕಳೆದುಕೊಳ್ಳುವೆನಲ್ಲಾ?" ಮತವು ಗುಪ್ತವಾದದ್ದು. ಯಾರಿಗೆ ಕೊಟ್ಟಿರೆಂದು ಕೇಳುವ ಅಧಿಕಾರ ಧಣಿಗೂ ಇಲ್ಲ, ಗಂಡನಿಗೂ ಇಲ್ಲ, ಸಭೆಯ ಉಪದೇಶಿಗೂ ಇಲ್ಲ. ಸಭೆಯ ಮತಗಳನ್ನು ಒಟ್ಟುಮಾಡಿ ಕೊಡುತ್ತೇನೆಂದು ಮಾತು ಕೊಡುವವನು ತನ್ನದಲ್ಲದ ಸೊತ್ತನ್ನು ಮಾರುವವನು.

೮. ಮಾಡತಕ್ಕ ಕಾರ್ಯಗಳು

ಒಂದು: ಮತದಾರರ ಪಟ್ಟಿಯಲ್ಲಿ ನಿಮ್ಮ ಮನೆಯವರೆಲ್ಲರ ಹೆಸರು ಉಂಟೋ ಎಂದು ಚುನಾವಣೆಗೆ ಬಹಳ ಮುಂಚೆಯೇ ನೋಡಿರಿ. ಹದಿನೆಂಟು ತುಂಬಿದ ಮಕ್ಕಳ ಹೆಸರನ್ನೂ ಮದುವೆಯಾಗಿ ಬಂದ ಸೊಸೆಯ ಹೆಸರನ್ನೂ ಸೇರಿಸಿರಿ.

ಎರಡು: ಗ್ರಾಮಸಭೆಯ ದಿನವನ್ನು ಪಂಚಾಯಿತಿ ಕಛೇರಿಯಲ್ಲಿ ವಿಚಾರಿಸಿ, ಆದಿತ್ಯವಾರದ ಕೂಟದಲ್ಲಿ ಎಲ್ಲರಿಗೂ ತಿಳಿಸಿರಿ. ಮನೆಗೊಬ್ಬರಾದರೂ ಹೋಗಿರಿ. ಕೂಡದ ಸಭೆಯ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಬೇಡಿರಿ.

ಮೂರು: ಓದಬಲ್ಲ ಇಬ್ಬರು ಯೌವನಸ್ಥರನ್ನು ಲೆಕ್ಕ ನೋಡುವದಕ್ಕೆ ನೇಮಿಸಿರಿ. ೨೦೦೫ನೆಯ ಮಾಹಿತಿ ಹಕ್ಕಿನ ಕಾನೂನಿನ ಪ್ರಕಾರ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಬರೆದು, ರಸ್ತೆಯ ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲು ಇವುಗಳ ನಕಲನ್ನು ಕೇಳಬಹುದು. ಸಾಮಾನ್ಯವಾಗಿ ಮೂವತ್ತು ದಿನಗಳೊಳಗೆ ಉತ್ತರ ಬರತಕ್ಕದ್ದು. ಬಡತನ ರೇಖೆಯ ಕೆಳಗಿರುವವರಿಗೆ ಶುಲ್ಕವೂ ಇಲ್ಲ. ಆ ಕಾಗದವನ್ನು ಹಿಡಿದುಕೊಂಡು ರಸ್ತೆಯ ಅಂಚಿಗೆ ಅಳತೆಕೋಲು ಇಡಿರಿ.

ನಾಲ್ಕು: ಮತ ಕೇಳಲು ಬಂದವನನ್ನು ಮರ್ಯಾದೆಯಿಂದ ಕೂಡ್ರಿಸಿ ಎರಡು ಪ್ರಶ್ನೆಗಳನ್ನು ಕೇಳಿರಿ: "ನಿಮ್ಮ ಚುನಾವಣೆಯ ಖರ್ಚನ್ನು ಯಾರು ಕೊಡುತ್ತಾರೆ? ವರುಷಕ್ಕೆ ಎರಡು ಸಾರಿ ಲೆಕ್ಕವನ್ನು ಈ ಕೇರಿಯಲ್ಲಿ ಓದಿ ಹೇಳುವಿರೋ?" ಉತ್ತರವನ್ನು ನೆನಪಿಟ್ಟುಕೊಳ್ಳಿರಿ.

ಐದು: ಗೆದ್ದವನು ಒಳ್ಳೆಯವನಾದರೆ ಅವನನ್ನು ಒಬ್ಬಂಟಿಗನಾಗಿ ಬಿಡಬೇಡಿರಿ. ಹಣ ಹಂಚದೆ ಗೆದ್ದವನ ಮೇಲೆ ಒತ್ತಡವು ಹೆಚ್ಚು. ಮದುವೆಗೆ, ಹಬ್ಬಕ್ಕೆ, ಆಸ್ಪತ್ರೆಗೆ ಎಂದು ಅವನ ಕೈಯಿಂದ ಹಣ ಕೇಳುವದನ್ನು ನಾವೇ ನಿಲ್ಲಿಸದಿದ್ದರೆ ಅವನನ್ನು ಗುತ್ತಿಗೆದಾರನ ಬಾಗಿಲಿಗೆ ಕಳುಹಿಸಿದವರು ನಾವೇ ಆಗುವೆವು.

ಬಾವಿಯನ್ನು ತೋಡಿದವರು ಅದರ ಹೂಳನ್ನೂ ತೆಗೆಯುತ್ತಿರಬೇಕು. ತೆಗೆಯದಿದ್ದರೆ ನೀರು ಕೆಡುವದು, ಕೆಟ್ಟ ನೀರನ್ನು ಮೊದಲು ಕುಡಿಯುವವರು ಬಡವರ ಮಕ್ಕಳೇ. ಪಂಚಾಯಿತಿಯೂ ಅಂಥ ಬಾವಿ. ಬರುವ ಗ್ರಾಮಸಭೆಯ ದಿನವು ಯಾವದೆಂದು ಈ ವಾರವೇ ವಿಚಾರಿಸಿರಿ.

ಕೂಟಗಳಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ನಮ್ಮ ವಾರ್ಡಿನಲ್ಲಿ ಕಳೆದ ಚುನಾವಣೆಯು ಎಷ್ಟು ಮತಗಳ ಅಂತರದಿಂದ ತೀರ್ಮಾನವಾಯಿತು?
೨. ದಾನಕ್ಕೂ ಲಂಚಕ್ಕೂ ಇರುವ ವ್ಯತ್ಯಾಸವೇನು? ಮಂದಿರದ ಹಂಚಿನ ದೃಷ್ಟಾಂತದಿಂದ ವಿವರಿಸಿರಿ.
೩. ಬೆಲ್ ಊರಿನ ಜನರು ೨೦೦೫ರಲ್ಲಿ ಏನು ಮಾಡಲಿಲ್ಲ? ೨೦೧೧ರಲ್ಲಿ ಏನು ಮಾಡಿದರು?
೪. ಕಳೆದ ಗ್ರಾಮಸಭೆಗೆ ನಮ್ಮಲ್ಲಿ ಎಷ್ಟು ಮಂದಿ ಹೋಗಿದ್ದೆವು? ಬರುವ ಸಭೆಗೆ ಯಾರಾರು ಹೋಗುವರು?